ಕತ್ತಲೆಕಾನಿನೊಳಗೆ ಒಂದು ಬೇಸಗೆಯ ಹಗಲು

ಮಾರ್ಚ್ ಕೊನೆಯಲ್ಲಿ ಸಾಗರದಿಂದ ತಾಳಗುಪ್ಪ, ಮಾವಿನಗುಂಡಿ ದಾಟಿ ಹೊನ್ನಾವರದ ಘಟ್ಟದ ಕಡೆ ಹೊರಟವರಿಗೆ ದಾರಿಯಲ್ಲಿ ಮೊದಲು ಕಾಣುವ ಹಸಿರು ಅಕೇಶಿಯಾದ್ದು. ಮತ್ತಿ, ನಂದಿ, ತೇಗ ಎಲ್ಲ ಬೋಳು ಕೊಂಬೆ ಚಾಚಿಕೊಂಡು ನಿಂತ ಹೊತ್ತಿನಲ್ಲಿ ಅದೊಂದು ಮಾತ್ರ ಸಾಲುಗಟ್ಟಿ ಕಡುಹಸಿರಾಗಿ ನಿಂತಿರುತ್ತದೆ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ ಅದು. ನಾವು ಎಲೆ ಎಂದುಕೊಳ್ಳುವುದು ಅದರ ನಿಜವಾದ ಎಲೆಯೂ ಅಲ್ಲ, ಚಪ್ಪಟೆಯಾದ ತೊಟ್ಟು. ವರ್ಷದ ಹನ್ನೆರಡು ತಿಂಗಳೂ ಹಸಿರಾಗಿರುವುದೇ ಕಾಡಿನ ಲಕ್ಷಣ ಎನ್ನುವುದಾದರೆ ಈ ನೆಡುತೋಪು ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಆದರೆ ಕೆಳಗೆ ಇಳಿದು ನೋಡಿ. ಬೇಗ ಕೊಳೆಯದ ಒಣ ತರಗಿನ ಹಾಸು, ಅದರಡಿ ಗಟ್ಟಿಯಾದ ಕೆಂಪು ಮಣ್ಣು. ಮೊಳಕೆ ಸಸಿಗಳು ಅಲ್ಲೊಂದು ಇಲ್ಲೊಂದು ಮಾತ್ರ.

ಅಲ್ಲಿಂದ ಸ್ವಲ್ಪ ಮುಂದೆ, ಮಲೆಮನೆ ಘಟ್ಟ ಇಳಿಯುವ ಮೊದಲು, ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿ ಹೆದ್ದಾರಿಯ ಪಕ್ಕದಲ್ಲೇ ಇನ್ನೊಂದು ಹಸಿರು ಶುರುವಾಗುತ್ತದೆ. ಅದೇ ಕತ್ತಲೆಕಾನು. ಮಲೆನಾಡಿನಲ್ಲಿ ಎಲ್ಲ ಕಾಡನ್ನೂ ಕಾನು ಎನ್ನುವುದಿಲ್ಲ. ಬೇಸಗೆಯಲ್ಲೂ ಎಲೆ ಬೀಳದ, ಒಳಗೆ ನೀರಿನ ಸೆಲೆ ಇರುವ, ಬೆಂಕಿ ಹೊಗದ ಕಾಡಿಗಷ್ಟೇ ಆ ಹೆಸರು. ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ನಡುವಿನ ಈ ಪ್ರದೇಶ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದ ಭಾಗವಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿಸಲಾಯಿತು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನನ್ನ ಜೊತೆಗೆ ಇಲಾಖೆಯ ವಾಚರ್ ಒಬ್ಬರು ಬಂದರು. ಇದೇ ಸುತ್ತಿನ ಹಳ್ಳಿಯವರು, ಮರಗಳನ್ನು ಕಚ್ಚು ಹಾಕಿ ನೋಡಿ ಗುರುತಿಸುವವರು. ರಸ್ತೆಯಂಚಿನ ಮರದ ತೊಗಟೆಗೆ ಕತ್ತಿಯ ತುದಿಯಿಂದ ಒಂದಿಷ್ಟೇ ಗೀರಿದರು. ಕೆಂಪು ರಸ ಜಿನುಗಿತು. "ರಕ್ತಮರ" ಎಂದು ಮುಂದೆ ನಡೆದರು.

ಹೆದ್ದಾರಿಯಿಂದ ಕೆಲವೇ ಮಾರು ಒಳಗೆ ಹೋದರೆ ಬಿಸಿಲು ಕಡಿಮೆಯಾಗುತ್ತದೆ, ಇನ್ನಷ್ಟು ಹೋದರೆ ಇಲ್ಲವಾಗುತ್ತದೆ. ಇಂಥ ಕಾಡಿನ ನೆತ್ತಿಗೆ ಬಿದ್ದ ಬೆಳಕಿನಲ್ಲಿ ನೆಲ ಮುಟ್ಟುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ಅದೂ ಚುಕ್ಕೆಚುಕ್ಕೆಯಾಗಿ ಬಂದು, ಗಾಳಿ ಬೀಸಿದಾಗ ಜಾಗ ಬದಲಿಸುತ್ತದೆ. ಆ ಚುಕ್ಕೆ ಮೈಮೇಲೆ ಹಾದುಹೋಗುವ ಕೆಲವು ನಿಮಿಷಗಳಲ್ಲೇ ಕೆಳಗಿನ ಸಸಿಗಳು ತಮ್ಮ ಅಡುಗೆಯ ದೊಡ್ಡ ಪಾಲನ್ನು ಮಾಡಿಕೊಳ್ಳಬೇಕು. ಮೊಣಕಾಲೆತ್ತರದ ಸಸಿಯೊಂದನ್ನು ತೋರಿಸಿ, ತಾನು ಕೆಲಸಕ್ಕೆ ಸೇರಿದಾಗಲೂ ಇದು ಹೆಚ್ಚುಕಡಿಮೆ ಇಷ್ಟೇ ಎತ್ತರ ಇತ್ತು ಎಂದರು ವಾಚರ್. ನಂಬಲು ಕಷ್ಟವೇನಿಲ್ಲ. ಪಕ್ಕದ ದೊಡ್ಡ ಮರ ಉರುಳಿ ಮೇಲೆ ಕಿಂಡಿ ತೆರೆಯುವವರೆಗೆ ಹತ್ತಾರು ವರ್ಷ ಹೀಗೆ ಕಾಯುವುದು ಈ ಮರಗಳ ಸ್ವಭಾವ.

ದಾರಿಗೆ ಬಾಗಿದ್ದ ಒಂದು ಹೈಗದ ರೆಂಬೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಹೈಗ ಇಲ್ಲಿನ ಸಾಮಾನ್ಯ ಮರ, ಸಸ್ಯವಿಜ್ಞಾನಿಗಳ ಹೋಪಿಯಾ ಪೊಂಗಾ. ರೆಂಬೆಯ ತುದಿಯಲ್ಲಿ ಜೋತುಬಿದ್ದ ಎಳೆಯ ಎಲೆಗಳು, ಬೆರಳಿಗೆ ಬಟ್ಟೆಯ ಹಾಗೆ ಮೆತ್ತಗೆ ಸಿಗುವಂಥವು. ಅವುಗಳ ಹಿಂದೆ ಚಿಗುರು ನಿಂತು ಮತ್ತೆ ಹೊರಟ ಗುರುತಾಗಿ ಸಣ್ಣ ಗಂಟು. ಗಂಟಿನ ಆಚೆ ಕಳೆದ ಸುಗ್ಗಿಯ ಎಲೆಗಳು ದಪ್ಪವಾಗಿ, ನುಣ್ಣಗೆ ಹೊಳೆಯುತ್ತವೆ, ಮಡಚಿದರೆ ಪಟ್ಟೆಂದು ಮುರಿಯುತ್ತವೆ. ಇನ್ನೊಂದು ಗಂಟು. ಅದರಾಚೆಯ ಎಲೆಗಳಿಗೆ ಹೊಳಪಿಲ್ಲ. ಮೇಲ್ಮೈಯಲ್ಲಿ ಬೂದು ಬಿಳಿ ಚುಕ್ಕೆಗಳು. ಎಲೆಯ ಮೇಲೇ ಬೆಳೆಯುವ ಕಲ್ಲುಹೂವು ಅವು, ನಿಧಾನವಾಗಿ ಹರಡುವ ಜೀವ. ಅಷ್ಟು ಚುಕ್ಕೆ ಮೂಡಬೇಕಾದರೆ ಎಲೆ ಒಂದಕ್ಕಿಂತ ಹೆಚ್ಚು ಮಳೆಗಾಲಗಳನ್ನು ಕಂಡಿರಬೇಕು. ಕೊನೆಗೆ ರೆಂಬೆಯ ಬುಡದ ಕಡೆ ಎರಡು ಎಲೆ ಹಳದಿಯಾಗಿ ತೊಟ್ಟು ಸಡಿಲಿಸಿದ್ದವು. ಮುಟ್ಟಿದೊಡನೆ ಒಂದು ಕೈಗೇ ಬಂತು.

ಸದಾಹಸಿರು ಎಂದರೆ ಏನು ಎಂಬುದು ಆ ಒಂದು ರೆಂಬೆಯಲ್ಲೇ ಇತ್ತು. ಇಲ್ಲಿ ಎಲೆ ಬೀಳುವುದಿಲ್ಲ ಎಂಬುದು ನಮ್ಮ ಭ್ರಮೆ, ಕಾನಿನ ನೆಲ ಪಾದ ಮುಚ್ಚುವಷ್ಟು ತರಗಿನಿಂದ ತುಂಬಿದೆ. ಮತ್ತಿ, ತೇಗಗಳು ಒಂದೇ ಸಲ ಬೋಳಾಗಿ ಒಂದೇ ಸಲ ಚಿಗುರುತ್ತವೆ. ಹೈಗ ತನ್ನ ಹಳೆಯ ಎಲೆಯನ್ನು ಹೊಸದು ಕೆಲಸಕ್ಕೆ ಬರುವವರೆಗೆ ಬಿಟ್ಟುಕೊಡುವುದಿಲ್ಲ. ಹಸಿರಾಗಿರುವುದು ಮರ, ಎಲೆ ಬರುತ್ತ ಹೋಗುತ್ತ ಇರುತ್ತದೆ.

ಅದೇ ರೆಂಬೆಯಲ್ಲಿ ಮುಳ್ಳುಮುಳ್ಳಾದ ಕಾಯಿಯಂಥದ್ದೂ ಗೊಂಚಲಾಗಿ ಇತ್ತು. ಹೈಗದ ಹಣ್ಣು ಎಂದು ಬಹಳ ಮಂದಿ ತಿಳಿಯುವುದು ಅದನ್ನೇ. ಹೈಗದ ನಿಜವಾದ ಕಾಯಿಗೆ ಎರಡು ರೆಕ್ಕೆ ಇರುತ್ತವೆ. ಈ ಮುಳ್ಳಿನ ಗಂಟು ಒಂದು ಶಲ್ಕ ಕೀಟ ಮರದ ಕೈಯಿಂದ ಕಟ್ಟಿಸಿಕೊಂಡ ಮನೆ. ಆ ಕೀಟಕ್ಕೆ ಮಂಗಳೂರಿನ ಹೆಸರಿದೆ, ಮ್ಯಾಂಗಲೋರಿಯಾ ಹೋಪಿಯೇ. ವರ್ಷವಿಡೀ ಎಲೆ ಇರುವ ಮರಕ್ಕೆ ವರ್ಷವಿಡೀ ಒಕ್ಕಲುಗಳೂ ಇರುತ್ತವೆ.

ಎಲೆ ಕಟ್ಟುವುದು ಮರಕ್ಕೆ ದುಬಾರಿ ಕೆಲಸ. ಮೂರ್ನಾಲ್ಕು ತಿಂಗಳಲ್ಲಿ ಬಿಸಾಡುವ ಎಲೆಯನ್ನು ತೆಳ್ಳಗೆ, ಅಗ್ಗವಾಗಿ ಮಾಡಬಹುದು. ವರ್ಷಗಟ್ಟಲೆ ಬಾಳಬೇಕಾದ ಎಲೆಗೆ ದಪ್ಪ ಮೈ, ಮೇಣದ ಲೇಪ, ಹುಳ ತಿನ್ನದಂತೆ ಒಗರು, ಎಲ್ಲವನ್ನೂ ಹಾಕಬೇಕು. ಹಾಕಿದ ಬಂಡವಾಳ ನಿಧಾನವಾಗಿ ವಾಪಸು ಬರುತ್ತದೆ. ಇಯಾನ್ ರೈಟ್ ಮತ್ತು ಸಂಗಡಿಗರು 2004ರಲ್ಲಿ ಪ್ರಪಂಚದ 175 ಕಡೆಗಳ 2,548 ಸಸ್ಯಜಾತಿಗಳ ಎಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲೆಡೆ ಕಂಡದ್ದು ಇದೇ ಲೆಕ್ಕಾಚಾರ: ತೂಕದ ಎಲೆಗೆ ದೀರ್ಘ ಆಯುಸ್ಸು, ನಿಧಾನದ ಗಳಿಕೆ; ಹಗುರ ಎಲೆಗೆ ಅಲ್ಪಾಯುಸ್ಸು, ಚುರುಕಿನ ಗಳಿಕೆ. ಕಾನಿನ ಮರಗಳು ಮೊದಲ ದಾರಿ ಹಿಡಿದವು. ಧಾರಾಕಾರ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುವ ನೆಲದಲ್ಲಿ ಪ್ರತಿವರ್ಷ ಇಡೀ ಮರಕ್ಕೆ ಹೊಸ ಎಲೆ ಹೊಲಿಸುವಷ್ಟು ಗೊಬ್ಬರ ಎಲ್ಲಿಂದ ಬರಬೇಕು? ಇರುವುದನ್ನು ಎಲೆಯಲ್ಲೇ ಹಿಡಿದಿಟ್ಟುಕೊಂಡು, ಉದುರಿಸಿದ್ದನ್ನೂ ಮಣ್ಣಿನ ಮೇಲ್ಪದರದ ಬೇರುಗಳಿಂದ ಮತ್ತೆ ಹೀರಿಕೊಳ್ಳುವುದು ಅವುಗಳ ಬಾಳುವೆ.

ಮಾರ್ಚ್ ತಿಂಗಳಲ್ಲಿ ಹೋದವರಿಗೆ ಕಾನು ಪೂರ್ತಿ ಹಸಿರಾಗಿ ಕಾಣುವುದೂ ಇಲ್ಲ. ನಾಗಸಂಪಿಗೆಯ ಚಿಗುರು ಕಡುಕೆಂಪು, ಕಾಡು ದಾಲ್ಚಿನ್ನಿಯದು ತಿಳಿಗೆಂಪು, ಕೆಲವದು ಬಿಳಿಚು. ಎಳೆ ಎಲೆ ಗಟ್ಟಿಯಾಗುವ ತನಕ ಅದರಲ್ಲಿ ಹಸಿರು ತುಂಬಿಸುವುದನ್ನು ಮರ ಮುಂದೂಡುತ್ತದೆ. ಹುಳ ಕಚ್ಚಿಕೊಂಡು ಹೋದರೂ ನಷ್ಟ ಕಡಿಮೆ. ಕೆಂಪು ಬಣ್ಣ ಎಳೆಯ ಮೈಯನ್ನು ಬಿಸಿಲಿನಿಂದ ಕಾಯುತ್ತದೆ ಎಂಬ ವಿವರಣೆಯೂ ಇದೆ. ನೀರಿಗೆ ಬರವಿರುವ ಈ ತಿಂಗಳಲ್ಲೇ ಚಿಗುರುವ ಹಟ ಯಾಕೆ? ಮುದುಮಲೈ ಕಾಡಿನಲ್ಲಿ ಮುರಳಿ ಮತ್ತು ಸುಕುಮಾರ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಉತ್ತರ ಕೊಟ್ಟಿದೆ. ಬೇಸಗೆಯಲ್ಲೇ ಬೇಗ ಚಿಗುರಿದ ಮರಗಳ ಎಲೆಗೆ ಕೀಟದ ಕಾಟ ಕಡಿಮೆ. ಮಳೆ ಬಿದ್ದ ಮೇಲೆ ಚಿಗುರಿದವನ್ನು ಹುಳಗಳು ಹೆಚ್ಚು ತಿಂದವು. ಅದು ಎಲೆ ಉದುರುವ ಕಾಡಿನ ಅಧ್ಯಯನ. ಆದರೂ ಕಾನಿನ ಈ ಕೆಂಪು ಚಿಗುರಿನ ಕೆಳಗೆ ನಿಂತಾಗ ಅದೇ ನೆನಪಾಗುತ್ತದೆ. ಮುಂಗಾರು ಬಂದು ಕಂಬಳಿಹುಳಗಳು ಏಳುವ ಹೊತ್ತಿಗೆ ಈ ಎಲೆಗಳೆಲ್ಲ ಬಲಿತು ಒಗರಾಗಿರುತ್ತವೆ.

ನನಗೆ ಕಾನಿನಲ್ಲಿ ಎಲ್ಲಕ್ಕಿಂತ ದೊಡ್ಡ ಬೆರಗು ಬೇರೆಯದೇ. ಕೇರಳದ ತೆಂಕಣ ಘಟ್ಟಗಳಲ್ಲಿ ಎರಡು ಮಳೆಗಾಲ, ಒಣ ತಿಂಗಳು ಕೆಲವೇ. ಉತ್ತರ ಕನ್ನಡದಲ್ಲಿ ಸುರಿಯುವ ಮಳೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿದರೂ ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುತ್ತದೆ. ಆಮೇಲೆ ಆರು ತಿಂಗಳ ಒಣಗಾಲ. ಇಷ್ಟು ಉದ್ದದ ಬೇಸಗೆಯಲ್ಲಿ ಎಲೆ ಹೊತ್ತು ನಿಲ್ಲುವುದು ಸುಲಭವಲ್ಲ. ಧೂಮದ ಮರ, ಅಂದರೆ ಡಿಪ್ಟೆರೋಕಾರ್ಪಸ್ ಇಂಡಿಕಸ್, ಘಟ್ಟದುದ್ದಕ್ಕೂ ಬಡಗಣ ದಿಕ್ಕಿಗೆ ಬರುತ್ತ ಬರುತ್ತ ಈ ಸುತ್ತಿನಲ್ಲೇ ನಿಂತುಬಿಡುತ್ತದೆ. ಇಲ್ಲಿಂದಾಚೆ ಅದಕ್ಕೆ ನೆಲೆಯಿಲ್ಲ. ಗಡಿಯಲ್ಲಿ ಬದುಕುವ ಇಂಥ ಮರಗಳಿಗೆ ತಪ್ಪು ಮಾಡಲು ಅವಕಾಶ ಕಡಿಮೆ. ಮೇಲಿನ ಛಾವಣಿ ಒಮ್ಮೆ ಹರಿದು ಬಿಸಿಲು ನೆಲ ಮುಟ್ಟಿತೋ, ತರಗು ಒಣಗಿ ಬೆಂಕಿಗೆ ದಾರಿಯಾಗುತ್ತದೆ. ಯುಪಟೋರಿಯಂ ನುಗ್ಗುತ್ತದೆ. ಮತ್ತಿ, ಹೊನ್ನೆಯ ಸಸಿಗಳು ಮೇಲೇಳುತ್ತವೆ. ಕಾನಿನ ಮರಗಳ ಬೀಜ ಬಹುಪಾಲು ನೀರು ತುಂಬಿದ ದಪ್ಪ ಬೀಜ. ಒಣಗಿದರೆ ಸತ್ತಿತು, ಡಬ್ಬಿಯಲ್ಲಿ ಕಾಪಿಟ್ಟು ನಾಲ್ಕು ವರ್ಷ ಬಿಟ್ಟು ಬಿತ್ತುವಂಥದ್ದಲ್ಲ. ಬಿದ್ದ ಕೆಲವೇ ವಾರಗಳಲ್ಲಿ ತಂಪು ನೆರಳಿನ ಒದ್ದೆ ನೆಲ ಸಿಗಬೇಕು. ಆ ನೆಲ ಹೋದ ಮೇಲೆ ಮರಳಿ ಬರುವ ದಾರಿ ಮುಚ್ಚಿದಂತೆಯೇ.

ಹೊರಗಿನ ಸದ್ದು ಪೂರ್ತಿ ಕಳೆದ ಮೇಲೆ ಇಳಿಜಾರು ಕೊನೆಯಾಗಿ ಜಡ್ಡಿ ಸಿಕ್ಕಿತು. ಗುಡ್ಡಗಳ ನಡುವಿನ ತಗ್ಗಿನಲ್ಲಿ ನೀರು ನಿಂತು, ಮೆಲ್ಲಗೆ ಹರಿದು, ಮತ್ತೆ ನಿಂತು ಆದ ಜೌಗು. ರಾಮಪತ್ರೆಯ ಬಂಧುಗಳು ನಿಲ್ಲುವ ಜಾಗ ಇದು. ಭಾರತದಲ್ಲಿ ಇಂಥ ಜಡ್ಡಿಗಳು ವಿಜ್ಞಾನದ ದಾಖಲೆಗೆ ಬಂದದ್ದು 1960ರಲ್ಲಿ, ತಿರುವಾಂಕೂರಿನ ಕಡೆಯಿಂದ. ಉತ್ತರ ಕನ್ನಡದಲ್ಲಿ ಈಗ ಉಳಿದಿರುವುದು ಹಳ್ಳದ ಅಂಚಿನ ತುಣುಕುಗಳು.

"ಸರ್, ಬೇರಿನ ಮೇಲೆ ಕಾಲಿಡಬೇಡಿ. ಪಕ್ಕದ ಕೆಸರಲ್ಲೂ ಇಡಬೇಡಿ, ಮೊಣಕಾಲ ತನಕ ಹೂತು ಹೋಗ್ತದೆ" ಎಂದರು ವಾಚರ್. ಹಾಗಾದರೆ ಎಲ್ಲಿಡಬೇಕು ಎಂದು ಕೇಳುವ ಮೊದಲೇ ಅವರು ಬಿದ್ದ ದಿಮ್ಮಿಯೊಂದರ ಮೇಲೆ ಹತ್ತಿ ದಾರಿ ತೋರಿಸಿದರು.

ದಿಮ್ಮಿಯ ಮೇಲೆ ಕುಳಿತು ಕೆಳಗೆ ನೋಡಿದರೆ ಕೆಸರಿನಿಂದ ಬೇರುಗಳು ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿದಿವೆ. ನೂರಾರು ಜನ ನೀರೊಳಗೆ ಮಲಗಿ ಮೊಣಕಾಲು ಮಾತ್ರ ಮಡಚಿ ಹೊರಗಿಟ್ಟ ಹಾಗೆ. ಜಿಮ್ನಕ್ರಾಂಥೆರಾ ಎಂಬ ಮರದ ಉಸಿರುಬೇರುಗಳು ಅವು. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಬೇರು ಹೊರಗೆ ಬಂದು ಉಸಿರು ಒಯ್ಯಬೇಕು. ಪಕ್ಕದಲ್ಲೇ ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಅದರ ವಿಧಾನ ಬೇರೆ. ಕಾಂಡದಿಂದಲೇ ಊರುಗೋಲು ಬೇರುಗಳನ್ನು ಸುತ್ತಲೂ ಇಳಿಬಿಟ್ಟು ಅವುಗಳ ಮೇಲೆ ನಿಂತಿದೆ. ಬುಡದ ಕಮಾನುಗಳ ಅಡಿಯಲ್ಲಿ ಮಗುವೊಂದು ನುಸುಳಿ ಆಚೆ ಹೋಗಬಹುದು. ನೆಲದಲ್ಲಿ ಬಿದ್ದಿದ್ದ ಅದರ ಎಲೆಯೊಂದನ್ನು ಎತ್ತಿಕೊಂಡೆ. ಮೊಳದಷ್ಟು ಉದ್ದ, ಚಕ್ಕಳದಷ್ಟು ಗಡುಸು, ನಡುನರದಿಂದ ಇಕ್ಕೆಲಕ್ಕೂ ಸಮನಾಗಿ ಹೊರಟ ನರಗಳು. ಹಳದಿ ತಿರುಗಿದ್ದರೂ ನೀರು ಅದರ ಮೇಲೆ ನಿಲ್ಲದೆ ಜಾರುತ್ತಿತ್ತು.

ರಾಮಪತ್ರೆಯ ಕುಲ ಹೂಬಿಡುವ ಗಿಡಗಳಲ್ಲೇ ಬಹಳ ಹಳೆಯ ಕವಲುಗಳಲ್ಲಿ ಒಂದು. ಕಾಯಿ ಬಿರಿದರೆ ಒಳಗೆ ಬೀಜವನ್ನು ತಬ್ಬಿದ ಕೆಂಪು ಪತ್ರೆ. ಪತ್ರೆಯ ಆಸೆಗೆ ಮಂಗಟ್ಟೆಗಳು ಬರುತ್ತವೆ, ನುಂಗಿ ಬೀಜವನ್ನು ಬೇರೆ ಕಡೆ ಉಗುಳುತ್ತವೆ. ಆ ಬೀಜ ಇನ್ನೊಂದು ಜಡ್ಡಿಯಲ್ಲೇ ಬೀಳಬೇಕು. ಹಿಂದೆ ಜಡ್ಡಿಯ ಪಕ್ಕದಲ್ಲಿ ಜಡ್ಡಿ ಇದ್ದಾಗ ಆ ಸಾಧ್ಯತೆ ದೊಡ್ಡದಿತ್ತು. ತಗ್ಗಿನ ನೀರುನೆಲ ಭತ್ತಕ್ಕೂ ಅಡಿಕೆಗೂ ಹೇಳಿ ಮಾಡಿಸಿದ ಜಾಗ, ಹಾಗಾಗಿ ಬಹುತೇಕ ಜಡ್ಡಿಗಳು ಗದ್ದೆ, ತೋಟಗಳಾದವು. ಯಾರನ್ನೂ ದೂರುವ ಮಾತಲ್ಲ ಇದು, ನಮ್ಮ ಮಲೆನಾಡಿನ ಊಟವೇ ಅಲ್ಲಿಂದ ಬಂದಿದೆ. ಉಳಿದ ಕೆಲವನ್ನಾದರೂ ಹಾಗೇ ಬಿಡೋಣ ಎಂದಷ್ಟೇ ನನ್ನ ಬೇಡಿಕೆ.

ಏಕೆಂದರೆ ಇಲ್ಲಿ ಏನೇನು ಇದೆ ಎಂಬುದೇ ನಮಗೆ ಇತ್ತೀಚೆಗೆ ತಿಳಿಯುತ್ತಿದೆ. ಈ ಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರಿನ ಜಾತಿಯ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಹೊಸ ಪ್ರಭೇದವೆಂದು ಪ್ರಕಟಿಸಿದ್ದು 2000ದಲ್ಲಿ. ಹೆದ್ದಾರಿ ಪಕ್ಕದ ಕಾಡಿನಲ್ಲಿ ಅಷ್ಟು ದೊಡ್ಡ ಮರ ಅಲ್ಲಿಯ ತನಕ ಯಾರ ಪಟ್ಟಿಯಲ್ಲೂ ಇರಲಿಲ್ಲ. ದಕ್ಷಿಣದ ಘಟ್ಟಗಳಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ಒಂದು ನೇರಳೆ, ಸಿಜೀಜಿಯಂ ಟ್ರಾವಂಕೋರಿಕಂ, ನೂರಾರು ಕಿಲೋಮೀಟರ್ ಬಡಗಕ್ಕೆ ಇಲ್ಲಿ ಸಿಕ್ಕಿತೆಂದು ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಶಿರಸಿಯ ಅರಣ್ಯ ಕಾಲೇಜಿನವರು ಜಡ್ಡಿಯ ಮರಗಳ ಬೀಜ ಆಯ್ದು ಸಸಿ ಮಾಡುವ ಕೆಲಸಕ್ಕೂ ಕೈಹಾಕಿದ್ದಾರೆ. ಹಲಗೆ ಹಾಕಿ ಉದ್ಘಾಟನೆ ಮಾಡುವಂಥ ಕೆಲಸವಲ್ಲ ಅದು. ಆದರೆ ಈ ಕಾಡಿಗೆ ಮಾಡಬಹುದಾದ ಉಪಕಾರಗಳಲ್ಲಿ ಅದಕ್ಕಿಂತ ಮಿಗಿಲಾದದ್ದು ನನಗೆ ತೋಚುವುದಿಲ್ಲ.

ವಾಪಸು ಹತ್ತುವಾಗ ತಲೆಯ ಮೇಲೆ ಸಿಪ್ಪೆ ಬಿತ್ತು. ಸಿಂಗಳೀಕಗಳು. ಮುಖದ ಸುತ್ತ ಬೂದು ಕೂದಲಿನ ಚೌಕಟ್ಟು, ಕಪ್ಪು ಮೈ, ತುದಿಯಲ್ಲಿ ಕುಚ್ಚಿನ ಬಾಲ. ನಮ್ಮನ್ನು ಕಂಡು ಓಡಲಿಲ್ಲ, ಕೊಂಬೆ ಬದಲಿಸಿ ಮೇಲಕ್ಕೆ ಹೋದವು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಹೊನ್ನಾವಳ್ಳಿ ಕುಮಾರ ಅವರು ಈ ಶತಮಾನದ ಆರಂಭದಲ್ಲಿ ಶಿರಸಿ–ಹೊನ್ನಾವರದ ಈ ಕಾಡುಗಳಲ್ಲಿ ಸಿಂಗಳೀಕಗಳ ದೊಡ್ಡ ಬಳಗವೇ ಇದೆ ಎಂದು ತೋರಿಸಿಕೊಟ್ಟರು. ಅವು ನೆಲಕ್ಕೆ ಇಳಿಯುವುದು ಅಪರೂಪ, ಹಾಗಾಗಿ ಮರದಿಂದ ಮರಕ್ಕೆ ಛಾವಣಿ ಕೂಡಿಕೊಂಡಿರಬೇಕು. ವರ್ಷದ ಯಾವ ತಿಂಗಳಲ್ಲೂ ಯಾವುದಾದರೊಂದು ಮರದಲ್ಲಿ ಹಣ್ಣಿರಬೇಕು. ಮಳೆಗಾಲದಲ್ಲಿ ಅವಕ್ಕೆ ಉಪ್ಪಾಗೆ. ನಮಗೂ ಉಪ್ಪಾಗೆ ಬೇಕು. ಸಿಪ್ಪೆಯನ್ನು ಒಣಗಿಸಿ ಮಾರುತ್ತಾರೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಜಡಿಮಳೆಯಲ್ಲಿ ಒಣಗಿಸಬೇಕಾದ್ದರಿಂದ ಒಲೆ ಬೇಕು, ಒಲೆಗೆ ಸೌದೆ, ಸೌದೆಗೆ ಮತ್ತೆ ಇದೇ ಕಾಡು. ಕೊಂಬೆ ಕಡಿಯದೆ ಬಿದ್ದ ಹಣ್ಣು ಆಯುವುದು, ಸೌದೆ ಉಳಿಸುವ ಒಲೆ ಕಟ್ಟುವುದು, ಹೀಗೆ ಹಳ್ಳಿಗಳಲ್ಲಿ ನಡೆದ ಪ್ರಯತ್ನಗಳ ಬೆಲೆ ಸಿಂಗಳೀಕದ ಹೊಟ್ಟೆಗೂ ಗೊತ್ತಾಗುವಂಥದ್ದು.

ಜನ ಈ ಕಾಡನ್ನು ಮುಟ್ಟದೆ ಇಟ್ಟದ್ದರಿಂದ ಅದು ಉಳಿಯಿತು ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಕಾನುಗಳು ಮೆಣಸಿನ ಕಾಡುಗಳಾಗಿದ್ದವು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಘಟ್ಟದ ಬುಡದಲ್ಲೇ. ಮೆಣಸಿನ ಬಳ್ಳಿಗೆ ಎಲೆ ಉದುರದ ಮರದ ಆಸರೆ, ತಂಪು, ತರಗಿನ ಗೊಬ್ಬರ ಬೇಕಿತ್ತು. ಸುತ್ತಲಿನ ಗುಡ್ಡದಲ್ಲಿ ಕುಮರಿ ಬೇಸಾಯ ಮಾಡಿದವರೂ ಕಾನಿಗೆ ಕತ್ತಿ ಇಡುತ್ತಿರಲಿಲ್ಲ, ಒಳಗೆ ದೇವರಿದ್ದರು. ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರ್ಯಾಂಟ್ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆಯುವ ಹೊತ್ತಿಗೆ ಹಳ್ಳಿಯವರಿಗೂ ಸರ್ಕಾರಕ್ಕೂ ಈ ಕಾಡು ಯಾರದ್ದು ಎಂಬ ಜಗ್ಗಾಟ ಶುರುವಾಗಿತ್ತು. ಸರ್ಕಾರದ ಕಣ್ಣಿಗೆ ತೇಗ ಬಂಗಾರ, ಕಾನಿನ ಮರಗಳು ಬರೀ ಕಾಡುಮರ. ಮುಂದೆ ಪ್ಲೈವುಡ್ ಬಂದಾಗ ಆ ಕಾಡುಮರಕ್ಕೂ ಬೆಲೆ ಬಂತು, ಕಡಿದ ಜಾಗಕ್ಕೆ ತೇಗದ ನೆಡುತೋಪು ಬಂತು. 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಎಂದು ಅದು ಹೆಸರಾಯಿತು. ಅವರಿಗೆ ಮರದ ಮೇಲಿನ ಪ್ರೀತಿ ಎಷ್ಟಿತ್ತೋ, ಬತ್ತುತ್ತಿದ್ದ ಹಳ್ಳಗಳ ಚಿಂತೆಯೂ ಅಷ್ಟೇ ಇತ್ತು.

ಆ ಚಿಂತೆ ಏನೆಂದು ತಿಳಿಯಲು ಕಾನಿನ ಕೆಳಗಿನ ಅಡಿಕೆ ತೋಟಕ್ಕೆ ಹೋಗಬೇಕು. ಸಂಜೆ ನಾಲ್ಕರ ಹೊತ್ತಿಗೆ ನಾನು ಹೋದ ತೋಟದಲ್ಲಿ ಅಬ್ಬಿಯ ನೀರು ಹೆಬ್ಬೆರಳು ದಪ್ಪಕ್ಕೆ ಬೀಳುತ್ತಿತ್ತು. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿದ್ದ ನೀರು ಈಗ ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಕರೆಂಟು ಬೇಡ, ಪಂಪು ಬೇಡ. ಯಜಮಾನರು ಕಣಿವೆಯ ಆಚೆ ಬದಿ ತೋರಿಸಿದರು. ಅಲ್ಲಿನ ಗುಡ್ಡ ಬೋಳಾಗಿ, ಮೇಲೆ ಅಕೇಶಿಯಾ ಬಂದು ಬಹಳ ವರ್ಷವಾಯಿತು. ಅದರ ಬುಡದ ತೋಟಗಳಿಗೆ ಫೆಬ್ರವರಿ ದಾಟಿದರೆ ಬೋರ್‌ವೆಲ್ಲೇ ಗತಿ. "ಕಾನಿದ್ರೆ ಅಬ್ಬಿ ಇರ್ತು. ಅಬ್ಬಿ ನಿಂತ್ರೆ ಪಂಪ್‌ಸೆಟ್ಟು ಎಲ್ಲಿಂದ ನೀರು ತರ್ತು, ನೀವೇ ಹೇಳಿ" ಎಂದರು. ಗುಡ್ಡದ ಎರಡು ಬದಿಯೂ ದೂರದಿಂದ ಹಸಿರೇ. ಒಂದರ ಕೆಳಗೆ ನೀರಿದೆ, ಇನ್ನೊಂದರ ಕೆಳಗೆ ಇಲ್ಲ. ತರಗಿನ ಹಾಸು, ಸಡಿಲ ಮಣ್ಣು, ಆಳಕ್ಕಿಳಿದ ನಾನಾ ಬಗೆಯ ಬೇರು, ಜಡ್ಡಿ, ಇಷ್ಟೆಲ್ಲ ಸೇರಿ ಜುಲೈಯ ಮಳೆಯನ್ನು ಏಪ್ರಿಲ್ ತನಕ ಹಿಡಿದಿಡುತ್ತವೆ. ಆ ನೀರಿನಿಂದಲೇ ಮರಗಳಿಗೆ ಬೇಸಗೆಯಲ್ಲಿ ಎಲೆ ಹೊರುವ ತಾಕತ್ತು.

ತೋಟದ ಮೇಲಿನ ಸೊಪ್ಪಿನ ಬೆಟ್ಟವನ್ನೂ ನೋಡಿದೆ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ಕೊಟ್ಟಿಗೆಗೆ, ತೋಟಕ್ಕೆ ಸೊಪ್ಪು, ದರಕು ಅಲ್ಲಿಂದಲೇ. ವರ್ಷ ವರ್ಷ ಕೊಂಬೆ ಸವರಿ, ದರಕು ಗುಡಿಸಿ ಒಯ್ದ ಬೆಟ್ಟಗಳು ಮತ್ತಿ, ಕಿಂದಳಗಳ ಬಯಲಾಗಿವೆ. ಈ ಯಜಮಾನರು ಹಳ್ಳದ ಎರಡೂ ಮಗ್ಗುಲಿನ ಒಂದು ಪಟ್ಟಿಯನ್ನು ಸವರದೆ ಬಿಟ್ಟಿದ್ದಾರೆ. ಅಲ್ಲಿ ರಾಮಪತ್ರೆ, ಹೈಗ, ಮುರುಗಲಿನ ಸಸಿಗಳು ಎದೆಯೆತ್ತರ ಬಂದಿವೆ. ಯಾರೂ ನೆಟ್ಟದ್ದಲ್ಲ. ಮೇಲೆ ಕಾನು ಇದೆ, ಮಂಗಟ್ಟೆಗಳು ಬರುತ್ತವೆ, ನೆಲ ಒದ್ದೆಯಾಗಿದೆ.

ಕತ್ತಲೆಕಾನಿಗೆ ಅನುಮತಿ ಸಿಗದವರು ಬೇಸರಪಡಬೇಕಿಲ್ಲ. ಘಟ್ಟ ಇಳಿದು ಹೊನ್ನಾವರ ತಾಲ್ಲೂಕಿನ ನೀಲ್ಕೋಡಿನ ಬಳಿ ಕರಿಕಾನು ಪರಮೇಶ್ವರಿಯ ಗುಡ್ಡಕ್ಕೆ ಹೋಗಬಹುದು. ಅದು ದೇವರ ಕಾಡು, ಧೂಮದ ಮರಗಳು ದೇವಸ್ಥಾನದ ಸುತ್ತಲೇ ಇವೆ, ಯಾರು ಬೇಕಾದರೂ ನೋಡಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಕೆಂಪು ಚಿಗುರು ಸಿಗುತ್ತದೆ. ಮಳೆಗಾಲದಲ್ಲಿ ಹೋಗುವವರು ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ. ಎಲ್ಲಿಗೆ ಹೋದರೂ ಬಿದ್ದ ಬೀಜವನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ. ಮನೆಯ ಶೋಕೇಸಿನಲ್ಲಿ ಅದು ವಾರದೊಳಗೆ ಸಾಯುತ್ತದೆ, ಬಿದ್ದಲ್ಲೇ ಬಿಟ್ಟರೆ ಮುಂಗಾರಿಗೆ ಮೊಳೆಯುವ ಅವಕಾಶ ಅದಕ್ಕೆ ಇರುತ್ತದೆ.